ರೇಸ್ ಬೋಟ್‌ಗೆ ಕೂಲಿಂಗ್ ನೀರಿನ ಔಟ್‌ಲೆಟ್ ಎಲ್ಲಿ ಕೊರೆಯಬೇಕು? ಪಕ್ಕದಲ್ಲೋ, ಹಿಂದೆಯೋ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸ್ನೇಹಿತರು ಸೇರಿ ಒಂದು ಆರ್‌ಸಿ (ರಿಮೋಟ್‌ನಿಂದ ಓಡಿಸುವ) ರೇಸ್ ಬೋಟ್ ಕಟ್ಟುತ್ತಿದ್ದೇವೆ. ಫೈಬರ್ ಹಲ್ (ದೋಣಿಯ ಮೈ), 1.3 ಮೀಟರ್ ಉದ್ದ, ವಿ ಆಕಾರದ ತಳ. ಎಂಜಿನ್ ಝೆನೋವಾ 26 ಸಿಸಿ ಪೆಟ್ರೋಲ್, ಟೂ ಸ್ಟ್ರೋಕ್. ರಡರ್‌ನಲ್ಲಿರುವ (ಚುಕ್ಕಾಣಿ) ಪಿಕಪ್‌ನಿಂದ, ಅಂದರೆ ನೀರು ಹಿಡಿಯುವ ತೂತಿನಿಂದ, ನೀರು ಒಳಗೆ ಬರುತ್ತದೆ. ಸಿಲಿಂಡರ್‌ಗೆ ಒಂದು ಪೈಪ್, ಎಕ್ಸಾಸ್ಟ್ ಹೆಡರ್‌ನ (ಎಂಜಿನ್‌ನಿಂದ ಹೊಗೆ ಹೊರಡುವ ಕೊಳವೆ) ಜಾಕೆಟ್‌ಗೆ, ಅಂದರೆ ಸುತ್ತ ನೀರು ಹರಿಯುವ ಕವಚಕ್ಕೆ, ಇನ್ನೊಂದು. ಪಂಪ್ ಇಲ್ಲ.

ಇಷ್ಟರವರೆಗೆ ಜಗಳ ಇಲ್ಲ. ಆ ನೀರು ಆಚೆ ಹೋಗುವ ತೂತು ಎಲ್ಲಿರಬೇಕು ಅನ್ನುವುದರಲ್ಲಿ ಮಾತ್ರ ಯಾರೂ ಒಪ್ಪುತ್ತಿಲ್ಲ. ಒಬ್ಬ ಟ್ರಾನ್ಸಮ್ ಅನ್ನುತ್ತಾನೆ, ಅಂದರೆ ದೋಣಿಯ ಹಿಂಬದಿಯ ಗೋಡೆ. ಒಬ್ಬ ಬಲ ಪಕ್ಕ ಅನ್ನುತ್ತಾನೆ. ಮೂರನೆಯವನಿಗೆ ಡೆಕ್ ಮೇಲೆ ಬೇಕಂತೆ, ನೋಡೋಕೆ ಚೆಂದ ಅಂತ. ನನಗೆ ತಳದಲ್ಲೇ ಇಟ್ಟರೆ ಹರಿಯುವ ನೀರು ಎಳೆದುಕೊಳ್ಳುತ್ತದೆ ಅನಿಸುತ್ತಿದೆ.

ಓವಲ್ ಕೋರ್ಸ್, ಗಡಿಯಾರದ ಮುಳ್ಳಿನ ದಿಕ್ಕು, ನಾವು ದಡದ ಮೇಲೆ ನಿಂತು ಓಡಿಸುತ್ತೇವೆ. ಹಲ್‌ಗೆ ಪೇಂಟ್ ಆಗಿಬಿಟ್ಟಿದೆ, ಹಾಗಾಗಿ ಒಂದೇ ಸಲಕ್ಕೆ ಸರಿಯಾಗಿ ಕೊರೆಯಬೇಕು. ಗೊತ್ತಿರುವವರು ಹೇಳಿ.

ಅರ್ಧಟೀ

ನಾಲ್ಕು ಜನ, ನಾಲ್ಕು ತೂತು. ಎಲ್ಲರೂ ಖುಷಿ. ದೋಣಿ ಮಾತ್ರ ಜರಡಿ.

ಹಳೇ ಪ್ರೊಪೆಲ್ಲರ್

ತಳ ಅಂದವರ ಕೈಗೆ ಡ್ರಿಲ್ ಕೊಡಬೇಡಿ. ಮಿಕ್ಕಿದ್ದು ಮಾತಾಡೋಣ.

ನನ್ನ ಉತ್ತರ: ಎಡ ಪಕ್ಕ. ಡೆಕ್ ಅಂಚಿನಿಂದ ಎರಡು ಬೆರಳು ಕೆಳಗೆ. ಉದ್ದದಲ್ಲಿ ನೋಡಿದರೆ ಹ್ಯಾಚ್ (ಡೆಕ್ ಮೇಲಿನ ಮುಚ್ಚಳ) ತೆರಪು ಮುಗಿದ ಮೇಲೆ, ಅದಕ್ಕಿಂತ ಹಿಂದೆ.

ಎಡ ಯಾಕೆ? ನೀವು ದಡದಲ್ಲಿ ಕೆರೆಗೆ ಮುಖ ಮಾಡಿ ನಿಂತಿದ್ದೀರಿ. ದೋಣಿ ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತದೆ. ನಿಮಗೆ ಹತ್ತಿರದ ನೇರ ಹಾದಿಯಲ್ಲಿ ಅದು ನಿಮ್ಮ ಬಲದಿಂದ ಎಡಕ್ಕೆ ಹೋಗುತ್ತದೆ. ಆಗ ನಿಮಗೆ ಕಾಣುವುದು ಅದರ ಎಡ ಮೈ. ನೀರಿನ ಧಾರೆ ಬರುತ್ತಿದೆಯಾ ಇಲ್ಲವಾ ಅಂತ ಪ್ರತಿ ಸುತ್ತಿನಲ್ಲೂ ಒಮ್ಮೆ ಕಾಣುತ್ತದೆ. ದೂರದ ಹಾದಿಯಲ್ಲಿ ಬಲ ಮೈ ಕಾಣುತ್ತದೆ ನಿಜ, ಆದರೆ ಅಷ್ಟು ದೂರದಿಂದ 5 ಮಿಲಿಮೀಟರ್ ಧಾರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯದು, ತಿರುವುಗಳೆಲ್ಲ ಬಲಕ್ಕೆ. ವಿ ತಳದ ದೋಣಿ ತಿರುಗುವಾಗ ಒಳಗಡೆಗೆ ವಾಲುತ್ತದೆ. ಬಲ ಪಕ್ಕ ನೀರಿಗೆ ಹತ್ತಿರ ಬರುತ್ತದೆ, ಎಡ ಪಕ್ಕ ಮೇಲೇಳುತ್ತದೆ. ಔಟ್‌ಲೆಟ್ ಬಲಗಡೆ ಇದ್ದರೆ ಪ್ರತಿ ತಿರುವಿನಲ್ಲೂ ಅದರ ಬಾಯಿಗೆ ನೀರು ಬಡಿಯುತ್ತದೆ. ಎಡಗಡೆ ಆ ತೊಂದರೆ ಇಲ್ಲ.

ಡೆಕ್ ಬೇಡ. ಗಾಳಿಗೆ ಧಾರೆ ಹಿಂದಕ್ಕೆ ಬಾಗಿ ಹ್ಯಾಚ್ ಟೇಪಿನ ಮೇಲೆ ಬೀಳುತ್ತದೆ. ಟೇಪ್ ಸ್ವಲ್ಪ ಎದ್ದಿದ್ದರೂ ಸಾಕು, ನೀರು ನೇರ ರೇಡಿಯೋ ಬಾಕ್ಸ್ ಕಡೆಗೆ.

ಎರಡನೇ ಗೇರ್

ಎಲ್ಲದಕ್ಕೂ "ಕಾಣಬೇಕು" ಅನ್ನುವುದು ಹಠ ಅಷ್ಟೇ. ರೇಸ್ ನಡುವೆ ಯಾರು ಸ್ವಾಮಿ ಧಾರೆ ನೋಡುತ್ತಾರೆ? ಕಣ್ಣು ಬೋಯ್ (ತಿರುವಿನ ತೇಲುಗುರುತು) ಮೇಲಿರುತ್ತದೆ, ಪಕ್ಕದ ದೋಣಿಯ ಮೇಲಿರುತ್ತದೆ. ಟ್ರಾನ್ಸಮ್‌ನಲ್ಲಿ ಇಡಿ. ಪಕ್ಕದ ಪೇಂಟ್ ಹಾಳಾಗುವುದಿಲ್ಲ. ದೋಣಿ ಪ್ಲೇನ್ ಆದ ಮೇಲೆ, ಅಂದರೆ ವೇಗಕ್ಕೆ ಎದ್ದು ನೀರಿನ ಮೇಲೆ ಜಾರತೊಡಗಿದ ಮೇಲೆ, ಹಿಂಬದಿ ಪೂರ್ತಿ ನೀರಿನಿಂದ ಆಚೆ ಇರುತ್ತದೆ, ನೀರು ಸಲೀಸಾಗಿ ಹೋಗುತ್ತದೆ. ಅಂಗಡಿಯಿಂದ ರೆಡಿಯಾಗಿ ಬರುವ ಎಷ್ಟೋ ದೋಣಿಗಳಲ್ಲಿ ಅಲ್ಲೇ ಇದೆ.

ಹಳೇ ಪ್ರೊಪೆಲ್ಲರ್

ಓಡಿಸುವವನು ನೋಡದಿದ್ದರೆ ಪಕ್ಕದಲ್ಲಿ ನಿಂತ ಪಿಟ್‌ಮ್ಯಾನ್ ನೋಡುತ್ತಾನೆ. ಅವನ ಕೆಲಸವೇ ಅದು. ಟ್ರಾನ್ಸಮ್‌ನಲ್ಲಿ ಇಟ್ಟರೆ ಅವನಿಗೂ ಕಾಣುವುದಿಲ್ಲ, ಯಾಕೆಂದರೆ ಅಲ್ಲೇ ಪ್ರೊಪೆಲ್ಲರ್ ಎಬ್ಬಿಸುವ ನೀರಿನ ಬಾಲ ಇರುತ್ತದೆ. ಅಷ್ಟು ನೀರಿನಲ್ಲಿ ನಿಮ್ಮ ಒಂದು ಸಣ್ಣ ಧಾರೆ ಹುಡುಕುವುದು ಹೇಗೆ?

ನೀರು ಸಲೀಸಾಗಿ ಹೋಗುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಆ ಗೋಡೆಯಲ್ಲಿ ಈಗಾಗಲೇ ಸ್ಟ್ರಟ್, ರಡರ್, ಟ್ರಿಮ್ ಟ್ಯಾಬ್, ಎಕ್ಸಾಸ್ಟ್ ಎಲ್ಲ ಕೂತಿವೆ. ಇನ್ನೆರಡು ತೂತಿಗೆ ಜಾಗ ಎಲ್ಲಿ?

ಬರ್ನೌಲಿ ಭಟ್ಟ

ಮೊದಲು ತಳದ ವಿಷಯ ಮುಗಿಸೋಣ. ಪ್ಲೇನ್ ಆಗಿರುವ ದೋಣಿಯನ್ನು ಎತ್ತಿ ಹಿಡಿದಿರುವುದು ತಳದ ಮೇಲಿನ ಒತ್ತಡ. ಅಲ್ಲಿ ನುಣ್ಣಗೆ ಒಂದು ತೂತು ಬಿಟ್ಟರೆ ಆ ಒತ್ತಡ ನಿಮ್ಮ ಔಟ್‌ಲೆಟ್ ಬಾಯಿಯ ಮೇಲೂ ಇರುತ್ತದೆ. ಎಳೆದುಕೊಳ್ಳುವುದಿಲ್ಲ, ತಳ್ಳುತ್ತದೆ. ಒಂದು ಕೊಳವೆಯನ್ನು ಕೆಳಗೆ ಚಾಚಿ, ಹಿಂದಕ್ಕೆ ಓರೆಯಾಗಿ ಕತ್ತರಿಸಿದರೆ ಸ್ವಲ್ಪ ಎಳೆತ ಸಿಗುತ್ತದೆ. ಆದರೆ ಅದು ವೇಗಕ್ಕೆ ಅಡ್ಡಿ, ಪಾಚಿ ಹಿಡಿಯುವ ಕೊಕ್ಕೆ ಬೇರೆ.

ಇನ್ನು "ಔಟ್‌ಲೆಟ್ ಮೇಲಿದ್ದರೆ ನೀರು ಅಲ್ಲಿಗೆ ಏರುವುದಿಲ್ಲ" ಅಂತ ಯಾರಾದರೂ ಹೇಳುವ ಮುಂಚೆ ಲೆಕ್ಕ ಹಾಕಿಬಿಡುತ್ತೇನೆ. ಪಿಕಪ್‌ಗೆ ಬಡಿಯುವ ನೀರು ಎಷ್ಟು ಎತ್ತರಕ್ಕೆ ಏರಬಲ್ಲದು ಅನ್ನುವುದು ವೇಗದ ವರ್ಗದ ಮೇಲೆ ನಿಂತಿದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸುಮಾರು ಒಂದೂವರೆ ಮೀಟರ್. 40ರಲ್ಲಿ 6 ಮೀಟರ್ ದಾಟುತ್ತದೆ. 60ರಲ್ಲಿ 14 ಮೀಟರ್. ಪೈಪಿನ ತಿರುವು, ಸಂದುಗಳಲ್ಲಿ ಒಂದಷ್ಟು ಕಳೆದುಹೋಗುತ್ತದೆ, ಇರಲಿ. ನಿಮ್ಮ ಹಲ್‌ನ ಎತ್ತರ ಒಂದು ಗೇಣು. ಓಡುವಾಗ ಔಟ್‌ಲೆಟ್ ಎಲ್ಲಿದ್ದರೂ ನೀರು ತಲುಪುತ್ತದೆ.

ಸೆಕೆಂಡಿಗೆ 1 ಮೀಟರ್‌ನಂತೆ ತೆವಳುವಾಗ ಮಾತ್ರ ಬರೀ 5 ಸೆಂಟಿಮೀಟರ್ ಏರುತ್ತದೆ. ಎತ್ತರ ಲೆಕ್ಕಕ್ಕೆ ಬರುವುದು ಅಲ್ಲಿ ಮಾತ್ರ.

ಕಾಲೇಜ್ ಕಾವೇರಿ

ಓ, ಅದಕ್ಕಾ! ನಮ್ಮ ದೋಣಿ ನಿಧಾನಕ್ಕೆ ದಡಕ್ಕೆ ಬರುವಾಗ ನೀರು ನಿಂತುಹೋಗುತ್ತದೆ. ಪೈಪ್ ಬ್ಲಾಕ್ ಆಗಿದೆ ಅಂತ ಎಲ್ಲ ಬಿಚ್ಚಲು ಹೊರಟಿದ್ದೆವು. ಹಾಗಾದರೆ ಅದು ಸಹಜವಾ?

ಬರ್ನೌಲಿ ಭಟ್ಟ

ಪಂಪ್ ಇಲ್ಲದ ದೋಣಿಗೆ ಸಹಜ. ವೇಗ ಹಿಡಿದ ಮೇಲೂ ಬರದಿದ್ದರೆ ಬಿಚ್ಚಿ. ಐಡಲ್‌ನಲ್ಲಿ ಸುಮ್ನೆ ತುಂಬಾ ಹೊತ್ತು ನಿಲ್ಲಿಸಬೇಡಿ, ಅಷ್ಟೇ.

ಮಲ್ಪೆ ಮೆಕ್ಯಾನಿಕ್

ನಿಮ್ಮ ಆಟದ ದೋಣಿ ನನಗೆ ಗೊತ್ತಿಲ್ಲ ಮಾರಾಯ್ರೆ. ಔಟ್‌ಬೋರ್ಡ್ ಎಂಜಿನ್ ಗೊತ್ತುಂಟು. ಅದರಲ್ಲಿ ರಬ್ಬರ್ ಇಂಪೆಲ್ಲರ್ ಪಂಪ್ ಇರುತ್ತದೆ, ಹಾಗಾಗಿ ಐಡಲ್‌ನಲ್ಲೂ ನೀರು ಬರಬೇಕು. ಕವರಿನ ಹಿಂಬದಿ ಒಂದು ಸಣ್ಣ ತೂತಿನಿಂದ ಧಾರೆ ಬೀಳುತ್ತದಲ್ಲ, ಅದು ಎಂಜಿನ್ ತಂಪು ಮಾಡಿದ ನೀರೆಲ್ಲ ಅಲ್ಲ. ಹೆಚ್ಚಿನ ನೀರು ಎಕ್ಸಾಸ್ಟ್ ಜೊತೆ ಕೆಳಗೆ ಹೋಗುತ್ತದೆ. ಈ ಧಾರೆ ಇರುವುದು ಬರೀ ನೋಡಲಿಕ್ಕೆ. ಎಂಜಿನ್ ಸ್ಟಾರ್ಟ್ ಮಾಡಿದವನು ಮೊದಲು ಹಿಂದೆ ತಿರುಗಿ ಅದನ್ನೇ ನೋಡುವುದು. ಬೀಳಲಿಲ್ಲವಾ, ತಕ್ಷಣ ಬಂದ್.

ಪ್ಲಾಸ್ಟಿಕ್ ಚೀಲ ಗೇರ್‌ಕೇಸಿನ ಜಾಲರಿಗೆ ಅಂಟಿಕೊಂಡರೆ ನೀರು ನಿಲ್ಲುತ್ತದೆ. ಕೆಲವು ಸಲ ತೂತಿನಲ್ಲೇ ಮರಳು ಕೂತಿರುತ್ತದೆ, ಸಪೂರ ತಂತಿ ಹಾಕಿದರೆ ಸರಿ. ಅದಕ್ಕೇ ಹೇಳುವುದು, ಕಾಣುವ ಕಡೆ ಇರಲಿ. ದೊಡ್ಡ ಎಂಜಿನ್ ಮಾಡುವವರೇ ನೋಡಲಿಕ್ಕೆ ಅಂತ ಬೇರೆ ತೂತು ಕೊಟ್ಟಿದ್ದಾರೆ. ನೀವು ಇರುವುದನ್ನೇ ಅಡಗಿಸಿ ಇಡುವುದು ಯಾಕೆ?

ಎರಡನೇ ಗೇರ್

ಸರಿ ಸರಿ, ಕಾಣಲಿ. ಆದರೂ ರೇಸ್‌ನಲ್ಲಿ ಯಾರೂ ನೋಡುವುದಿಲ್ಲ ಅನ್ನುವುದು ನನ್ನ ಮಾತು.

ಪುನ್ನಮಡ ಪ್ರೇಮಿ

ರೇಸ್ ಬೋಟ್ ಅಂತ ನೋಡಿ ಓಡಿಬಂದೆ. ನಮ್ಮ ಅಜ್ಜಿ ಮನೆ ಆಲಪ್ಪುಳದ ಹತ್ತಿರ. ಪುನ್ನಮಡ ಕೆರೆಯ ಚುಂಡನ್ ವಳ್ಳಂ (ಹಾವಿನಂಥ ಉದ್ದ ದೋಣಿ) ರೇಸ್ ನೋಡಿದ್ದೀರಾ ಯಾರಾದರೂ? ನೂರು ಜನ ಒಟ್ಟಿಗೆ ಹುಟ್ಟು ಹಾಕುತ್ತಾರೆ. ಎಂಜಿನ್ನೇ ಇಲ್ಲ.

ಅರ್ಧಟೀ

ಅಲ್ಲಿ ಔಟ್‌ಲೆಟ್ ಹಣೆಯ ಮೇಲೆ. ಎಡಕ್ಕೂ ಬಲಕ್ಕೂ ಸುರಿಯುತ್ತದೆ.

ಸಿಯಾಟಲ್ ಗೌಡ

ಇಲ್ಲಿ ಆಗಸ್ಟ್‌ನಲ್ಲಿ ಲೇಕ್ ವಾಷಿಂಗ್ಟನ್‌ನಲ್ಲಿ ಸೀಫೇರ್ ಹೈಡ್ರೋಪ್ಲೇನ್ ರೇಸ್ ನಡೆಯುತ್ತದೆ. ಅವರದು ಗಡಿಯಾರದ ವಿರುದ್ಧ ದಿಕ್ಕು, ಎಲ್ಲ ತಿರುವೂ ಎಡಕ್ಕೆ. ತಿರುವಿನಲ್ಲಿ ಜಾರದಂತೆ ನೀರಿಗೆ ಇಳಿಬಿಡುವ ದೊಡ್ಡ ಫಿನ್ ಕೂಡ ಎಡಗಡೆಯೇ. ಹಾಗಾಗಿ ಮೇಲಿನವರು "ಎಡ ಪಕ್ಕ" ಅಂದದ್ದನ್ನು ಕಣ್ಣುಮುಚ್ಚಿ ಎಲ್ಲ ಕಡೆ ಹಾಕಬೇಡಿ. ಕೋರ್ಸ್ ಯಾವ ದಿಕ್ಕು ಅಂತ ಮೊದಲು ನೋಡಿ. ತಿರುವಿನ ಹೊರ ಮಗ್ಗುಲು ಅಂತ ನೆನಪಿಟ್ಟುಕೊಂಡರೆ ಎರಡಕ್ಕೂ ಸರಿಹೋಗುತ್ತದೆ.

ಇನ್ನೊಂದು ಮಜಾ. ದೊಡ್ಡ ಅನ್‌ಲಿಮಿಟೆಡ್ ಹೈಡ್ರೋಪ್ಲೇನ್‌ಗಳಿಗೆ ಹಿಂದೆ ಎರಡನೇ ಮಹಾಯುದ್ಧದ ವಿಮಾನಗಳ ಆಲಿಸನ್, ಮೆರ್ಲಿನ್ ವಿ-12 ಎಂಜಿನ್ ಹಾಕುತ್ತಿದ್ದರು. ಈಗ ಚಿನೂಕ್ ಹೆಲಿಕಾಪ್ಟರ್‌ನ ಟಿ55 ಟರ್ಬೈನ್. ಟರ್ಬೈನ್‌ಗೆ ವಾಟರ್ ಜಾಕೆಟ್ಟೇ ಇಲ್ಲ. ನಿಮ್ಮ ಈ ಜಗಳವೂ ಇಲ್ಲ.

ಪೆಟ್ರೋಲ್ ಪಾಪಣ್ಣ

ಹಾಗಾದರೆ ತುಂಗಾತೀರ ಅವರೇ, ಒಂದು ಚಿನೂಕ್ ತರಿಸಿಕೊಂಡುಬಿಡಿ.

ತಮಾಷೆ ಸಾಕು. ಯಾರೂ ಹೇಳದ ಒಂದು ವಿಷಯ ಇದೆ. ಔಟ್‌ಲೆಟ್ ಹಲ್‌ನಲ್ಲಿ ಎಲ್ಲಿ ಅನ್ನುವುದಕ್ಕಿಂತ, ಪೈಪ್ ಎಂಜಿನ್‌ನ ಯಾವ ಬಾಯಿಂದ ಹೊರಡುತ್ತದೆ ಅನ್ನುವುದು ಮುಖ್ಯ. ಜಾಕೆಟ್‌ನ ಕೆಳಗಿನ ಬಾಯಿಂದ ನೀರು ಒಳಗೆ, ಮೇಲಿನ ಬಾಯಿಂದ ಹೊರಗೆ. ಉಲ್ಟಾ ಕೊಟ್ಟರೆ ಮೇಲ್ಗಡೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಗಾಳಿ ಕೂತ ಜಾಗ ತಂಪಾಗುವುದಿಲ್ಲ. ಧಾರೆ ಮಾತ್ರ ಚೆನ್ನಾಗಿ ಬರುತ್ತಿರುತ್ತದೆ, ನಿಮಗೆ ಅನುಮಾನವೇ ಬರುವುದಿಲ್ಲ. ಎಷ್ಟೋ ಜನ ಪೈಪ್ ಎಲ್ಲಿಗೆ ಹತ್ತಿರವೋ ಅಲ್ಲಿಗೆ ಸಿಕ್ಕಿಸಿಬಿಡುತ್ತಾರೆ.

 

ಬ್ಯಾಟರಿ ಬಸ್ಯಾ

ಏನ್ರೀ ಇನ್ನೂ ಪೆಟ್ರೋಲ್ ಹಿಡ್ಕೊಂಡು ಕೂತೀರಿ! ಬ್ರಶ್‌ಲೆಸ್ ಮೋಟರ್ ಹಾಕಿ, ಹೊಗೆ ಇಲ್ಲ, ಸದ್ದಿಲ್ಲ.

ನಮ್ಮದಕ್ಕೂ ನೀರು ಬೇಕು ಬಿಡಿ. ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಬಿಸಿಯಾಗುತ್ತದೆ, ಮೋಟರ್ ಬಿಸಿಯಾಗುತ್ತದೆ. ಒಂದೇ ಪೈಪ್ ಆದರೆ ತಣ್ಣೀರು ಮೊದಲು ಇಎಸ್‌ಸಿಗೆ, ಆಮೇಲೆ ಮೋಟರ್‌ಗೆ, ಆಮೇಲೆ ಆಚೆ. ಎಲೆಕ್ಟ್ರಾನಿಕ್ಸ್ ಬಿಸಿ ತಡೆಯುವುದು ಕಡಿಮೆ. ಔಟ್‌ಲೆಟ್ ಜಾಗದ ಬಗ್ಗೆ ಹಳೇ ಪ್ರೊಪೆಲ್ಲರ್ ಹೇಳಿದ್ದೇ ಸರಿ. ಕೊಯಮತ್ತೂರಿನ ಕುಮರಗುರು ಕಾಲೇಜಿನ ಹುಡುಗರು ಬ್ಯಾಟರಿ ದೋಣಿ ಕಟ್ಟಿ ಮೊನಾಕೋ ಎನರ್ಜಿ ಬೋಟ್ ಚಾಲೆಂಜ್‌ಗೆ ಹೋಗಿ ಬಂದಿದ್ದಾರೆ, ಗೊತ್ತಾ? ಮನುಷ್ಯ ಕೂತು ಓಡಿಸುವ ದೋಣಿ. ನಮ್ಮ ಕಡೆಯ ಕಾಲೇಜಿನವರು ಯಾವಾಗ ಶುರು ಮಾಡುತ್ತಾರೋ.

ಕಾಲೇಜ್ ಕಾವೇರಿ

ನಮ್ಮ ಕಾಲೇಜಿನಲ್ಲಿ ಬಜೆಟ್ ಕೇಳಿದರೆ ಮೊದಲು "ಈಜು ಬರುತ್ತಾ?" ಅಂತ ಕೇಳಿದರು ಬಸ್ಯಣ್ಣ.

ತುಂಗಾತೀರ

ಇಷ್ಟು ಜನ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ತಳದ ಐಡಿಯಾ ಬಿಟ್ಟೆವು. ಡೆಕ್ ಪಾರ್ಟಿಯೂ ಸುಮ್ಮನಾಗಿದೆ. ಎಡ ಪಕ್ಕಕ್ಕೆ ಮೂರು ವೋಟು, ಟ್ರಾನ್ಸಮ್‌ಗೆ ಒಂದು.

ಹೊಸ ಜಗಳ ಶುರುವಾಗಿದೆ. ಎಂಜಿನ್ ನೀರು ಮತ್ತು ಹೆಡರ್ ನೀರು, ಎರಡನ್ನೂ ವೈ ಜಾಯಿಂಟ್ ಹಾಕಿ ಒಂದೇ ಔಟ್‌ಲೆಟ್‌ಗೆ ತರಬಹುದಾ? ಒಂದು ತೂತು ಕೊರೆಯುವುದು ತಪ್ಪುತ್ತದೆ. ಹಾಗೇ ಔಟ್‌ಲೆಟ್ ಒಳಗಿನ ಅಳತೆ ಎಷ್ಟಿರಬೇಕು? ಪಿಕಪ್ ಪೈಪಿನ ಒಳಗಿನ ಅಳತೆ 4 ಮಿಲಿಮೀಟರ್.

ಹಳೇ ಪ್ರೊಪೆಲ್ಲರ್

ವೈ ಬೇಡ. ಎರಡು ಔಟ್‌ಲೆಟ್ ಇಡಿ. ಸೇರಿಸಿದರೆ ಒಂದು ದಾರಿ ಕಟ್ಟಿಕೊಂಡರೂ ಇನ್ನೊಂದರಿಂದ ಧಾರೆ ಬರುತ್ತಲೇ ಇರುತ್ತದೆ. ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ, ಅಷ್ಟರಲ್ಲಿ ಪಿಸ್ಟನ್ ಕಚ್ಚಿಕೊಂಡಿರುತ್ತದೆ. ಬೇರೆ ಬೇರೆ ಇದ್ದರೆ ಯಾವುದು ನಿಂತಿತು ಅಂತ ದಡದಿಂದಲೇ ಗೊತ್ತಾಗುತ್ತದೆ. ಎರಡನ್ನೂ ಎಡ ಪಕ್ಕದಲ್ಲೇ ಇಡಿ, ನಡುವೆ ಒಂದು ಗೇಣು ಬಿಡಿ. ಮುಂದಿನದು ಎಂಜಿನ್, ಹಿಂದಿನದು ಹೆಡರ್ ಅಂತ ಇಟ್ಟುಕೊಳ್ಳಿ. ದೋಣಿಯ ಒಳಗಿನ ಜೋಡಣೆಯೂ ಅದೇ ಕ್ರಮದಲ್ಲಿರುವುದರಿಂದ ಪೈಪ್‌ಗಳು ಒಂದರ ಮೇಲೊಂದು ದಾಟುವುದಿಲ್ಲ.

ಪಿಕಪ್ ಒಂದೇ ಇದ್ದು, ಒಳಗೆ ಕವಲೊಡೆಯುತ್ತಿದ್ದರೂ ಇದೇ ಮಾತು ಸರಿ.

ಪೆಟ್ರೋಲ್ ಪಾಪಣ್ಣ

ಅಳತೆ: ಔಟ್‌ಲೆಟ್ ಯಾವತ್ತೂ ಪಿಕಪ್‌ಗಿಂತ ಸಣ್ಣದಿರಬಾರದು. 4 ಒಳಗೆ ಬಂದರೆ 5 ಹೊರಗೆ.

ವಿ8 ವಿಶ್ವ

ಇದನ್ನು ಒಪ್ಪುವುದಿಲ್ಲ. ನಾನು ಅಬುಧಾಬಿಯಲ್ಲಿ ದೊಡ್ಡ ಬೋಟುಗಳ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ವಿ8 ಇನ್‌ಬೋರ್ಡ್ ರೇಸ್ ಬೋಟುಗಳಲ್ಲಿ ಹೊರಗೆ ಹೋಗುವ ಕಡೆಯೇ ತೂತು ಕಿರಿದು ಮಾಡುತ್ತಾರೆ. ಯಾಕೆಂದರೆ ಬ್ಲಾಕ್ ಒಳಗೆ ಸ್ವಲ್ಪ ಒತ್ತಡ ಇರಬೇಕು. ಒತ್ತಡ ಇದ್ದರೆ ಜಾಕೆಟ್ ತುಂಬಿರುತ್ತದೆ, ಹೆಡ್‌ನ ಬಿಸಿ ಜಾಗಗಳಲ್ಲಿ ಆವಿ ಗುಳ್ಳೆ ಕೂರುವುದಿಲ್ಲ. ಒತ್ತಡ ಮಿತಿ ಮೀರಿದರೆ ಬಿಡುಗಡೆಗೆ ರಿಲೀಫ್ ವಾಲ್ವ್ ಇರುತ್ತದೆ, ಅದರ ನೀರೂ ಹಲ್ ಪಕ್ಕದಿಂದ ಆಚೆ ಹೋಗುತ್ತದೆ.

ಜೆಟ್ ಬೋಟುಗಳದು ಇನ್ನೊಂದು ಕಥೆ. ಅಲ್ಲಿ ಕೂಲಿಂಗ್ ನೀರನ್ನು ಜೆಟ್ ಪಂಪ್‌ನಿಂದಲೇ ಕದಿಯುತ್ತಾರೆ. ಥ್ರಾಟಲ್ ತುಂಬಿದಾಗ ಒತ್ತಡ ಜೋರಾಗುತ್ತದೆ, ಹಾಗಾಗಿ ಒಳಗೆ ಬರುವ ಕಡೆ ವಾಲ್ವ್ ಇಟ್ಟು ಹಿಡಿಯುತ್ತಾರೆ.

ಪೆಟ್ರೋಲ್ ಪಾಪಣ್ಣ

ವಿಶ್ವ ಅವರೇ, ನಿಮ್ಮದು ಬೋಲ್ಟ್ ಹಾಕಿದ ಎರಕದ ಬ್ಲಾಕ್. ಇವರದು ಸಿಲಿಕಾನ್ ಪೈಪ್ ಸಿಕ್ಕಿಸಿದ ನಿಪ್ಪಲ್. ಔಟ್‌ಲೆಟ್ ಕಿರಿದು ಮಾಡಿದರೆ ಒಳಗೆಲ್ಲ ಒತ್ತಡ ಏರಿ ಪೈಪ್ ಕಿತ್ತುಕೊಳ್ಳುತ್ತದೆ. ಆಮೇಲೆ ನೀರು ಹಲ್ ಒಳಗೆ.

ಬರ್ನೌಲಿ ಭಟ್ಟ

ಎಷ್ಟು ನೀರು ಅಂತ ಹೇಳಲಾ? 4 ಮಿಲಿಮೀಟರ್ ತೂತು, ಸೆಕೆಂಡಿಗೆ 10 ಮೀಟರ್ ವೇಗ. ಯಾವ ತಡೆಯೂ ಇಲ್ಲ ಅಂದುಕೊಂಡರೆ ಸೆಕೆಂಡಿಗೆ 125 ಮಿಲಿಲೀಟರ್. ಹತ್ತು ಸೆಕೆಂಡ್‌ಗೆ ಒಂದು ಲೀಟರ್ ದಾಟಿತು. ಒಂದು ಸುತ್ತು ಮುಗಿಯುವ ಮೊದಲೇ ದೋಣಿ ಭಾರವಾಗುತ್ತದೆ.

ವಿ8 ವಿಶ್ವ

ಸರಿ, ಮಾಡೆಲ್‌ಗೆ ನೀವು ಹೇಳಿದ್ದೇ ಇರಲಿ. ಆದರೆ ಪೆಟ್ರೋಲ್ ಎಂಜಿನ್ ಜಾಸ್ತಿ ತಣ್ಣಗಾದರೂ ಕಷ್ಟ. ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಓಟ ಸಪ್ಪೆಯಾಗುತ್ತದೆ. ಆಗ ಏನು ಮಾಡುತ್ತೀರಿ?

ಪೆಟ್ರೋಲ್ ಪಾಪಣ್ಣ

ಪಿಕಪ್ ಕಡೆ, ಹಲ್ ಒಳಗೆ ಬಂದ ತಕ್ಷಣ ಒಂದು ಸಣ್ಣ ವಾಲ್ವ್. ಅಲ್ಲಿ ಹಿಡಿದರೆ ಮುಂದಿನ ಎಲ್ಲ ಪೈಪ್‌ನಲ್ಲೂ ಒತ್ತಡ ಕಡಿಮೆಯಾಗುತ್ತದೆ, ಜಾಸ್ತಿ ಆಗುವುದಿಲ್ಲ. ಆಚೆ ಹೋಗುವ ದಾರಿ ಸದಾ ಅಗಲವಾಗಿರಲಿ.

ಓಡಿಸಿ ದಡಕ್ಕೆ ತಂದ ತಕ್ಷಣ ಔಟ್‌ಲೆಟ್‌ನಿಂದ ಜಿನುಗುವ ನೀರಿಗೆ ಬೆರಳಿಡಿ. ಬೆಚ್ಚಗಿದ್ದರೆ ಸರಿ. ತಣ್ಣಗೇ ಇದ್ದರೆ ವಾಲ್ವ್ ಸ್ವಲ್ಪ ಮುಚ್ಚಿ. ಹಬೆ ಬರುತ್ತಿದ್ದರೆ ಬೆರಳಿಡಬೇಡಿ.

ವಾಯುವಿಹಾರಿ

ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ಕೆರೆಯಲ್ಲಿ ಪೆಟ್ರೋಲ್ ದೋಣಿ ಓಡಿಸಲೇಬೇಕಾ? ಟೂ ಸ್ಟ್ರೋಕ್ ಎಣ್ಣೆ ನೀರಿಗೆ ಹೋಗುತ್ತದೆ. ಬೆಳಿಗ್ಗೆ ಬೆಳಿಗ್ಗೆ ಆ ಸದ್ದು ಬೇರೆ. ಹಕ್ಕಿಗಳು ಕೂರುವ ಜಾಗ. ನಮ್ಮ ಕೆರೆಗಳ ಪಾಡು ನೋಡಿದ್ದೀರಲ್ಲ, ಬೆಳ್ಳಂದೂರಿನಲ್ಲಿ ನೊರೆ ರಸ್ತೆಗೆ ಬಂತು.

ಎರಡನೇ ಗೇರ್

ಬೆಳ್ಳಂದೂರಿನ ನೊರೆಗೆ ನಾವು ಕಾರಣವಾ? ಒಂದು ಮಾಡೆಲ್ ದೋಣಿ ಸುಡುವ ಪೆಟ್ರೋಲ್ ಎಷ್ಟು, ಕೊಳಚೆ ನೀರು ಬಿಡುವವರು ಎಷ್ಟು?

ವಾಯುವಿಹಾರಿ

ನಾನು ಹಾಗೆ ಹೇಳಲಿಲ್ಲ. ಆದರೆ "ನಮ್ಮದು ಸ್ವಲ್ಪ" ಅಂತ ಎಲ್ಲರೂ ಹೇಳುತ್ತಾರೆ.

ಬ್ಯಾಟರಿ ಬಸ್ಯಾ

ನಾನು ಮೊದಲೇ ಹೇಳಿದ್ದೆ. ಬ್ಯಾಟರಿ.

ಹಳೇ ಪ್ರೊಪೆಲ್ಲರ್

ವಾಯುವಿಹಾರಿ ಅವರ ಮಾತಿನಲ್ಲಿ ಹುರುಳಿದೆ. ಹಕ್ಕಿ ಇರುವ ಕೆರೆಗೆ, ಜನ ಓಡಾಡುವ ಹೊತ್ತಿನಲ್ಲಿ ಪೆಟ್ರೋಲ್ ದೋಣಿ ಬೇಡ. ಅನುಮತಿ ಕೇಳಿ, ಜಲಕ್ರೀಡೆಗೆ ಅಂತ ಇರುವ ಜಾಗ ಹುಡುಕಿ. ಮೈಸೂರಿನ ಹತ್ತಿರ ವರುಣಾ ಕೆರೆಯಲ್ಲಿ ಜಲಕ್ರೀಡೆ ನಡೆದಿದೆ, ಅಂಥ ಕಡೆ ವಿಚಾರಿಸಿ. ಅಂತರಗಂಗೆ, ಜೊಂಡು ತುಂಬಿದ ಕೆರೆಯಲ್ಲಿ ಹೇಗೂ ಓಡಿಸಲಾಗುವುದಿಲ್ಲ, ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ.

ಮತ್ತೆ ವಿಷಯಕ್ಕೆ. ನಮ್ಮ ಕೆರೆಗಳಲ್ಲಿ ಪಾಚಿ ಜಾಸ್ತಿ. ರಡರ್‌ನ ಪಿಕಪ್ ಬಾಯಿಗೆ ಒಂದು ಎಳೆ ಕೂತರೆ ನೀರು ಬಂದ್. ಎರಡನೇ ಗೇರ್ ಅವರು ಯಾರೂ ನೋಡುವುದಿಲ್ಲ ಅನ್ನುತ್ತಿದ್ದಾರೆ. ಈಜುಕೊಳದಷ್ಟು ಚೊಕ್ಕ ನೀರಿನಲ್ಲಿ ಓಡಿಸುವವರು ನೋಡದಿದ್ದರೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ.

ಕೃಷ್ಣೆಯ ದಡ

ನಾನು ರಾಯಚೂರಿನವನು. 2018ರ ನವೆಂಬರ್‌ನಲ್ಲಿ ಅಮರಾವತಿಯಲ್ಲಿ ಎಫ್1 ಎಚ್2ಒ (ಪವರ್‌ಬೋಟ್‌ಗಳ ಫಾರ್ಮುಲಾ 1) ರೇಸ್ ಆಯಿತಲ್ಲ, ವಿಜಯವಾಡದ ಹತ್ತಿರ ಕೃಷ್ಣಾ ನದಿಯಲ್ಲಿ, ಅದನ್ನು ನೋಡಲು ಹೋಗಿದ್ದೆ. ಆ ದೋಣಿಗಳಿಗೆ ಹಿಂದೆ ಮರ್ಕ್ಯುರಿ ಔಟ್‌ಬೋರ್ಡ್, ಎರಡೂವರೆ ಲೀಟರ್ ವಿ6. ಎರಡು ತೋಳಿನ ಕ್ಯಾಟಮರಾನ್, ನಡುವೆ ಗಾಳಿ ಹೋಗುವ ಸುರಂಗ. ಸದ್ದಿಗೆ ಎದೆ ನಡುಗುತ್ತದೆ. ಅದರಲ್ಲಿ ಈ ನೀರಿನ ವ್ಯವಸ್ಥೆ ಹೇಗೆ? ಪ್ರೊಪೆಲ್ಲರ್ ಅರ್ಧ ನೀರಿನ ಮೇಲೇ ಇರುತ್ತದೆ ಅಂತಾರೆ, ಹಾಗಾದರೆ ನೀರು ಎಲ್ಲಿಂದ ಎಳೆಯುತ್ತದೆ?

ಮಲ್ಪೆ ಮೆಕ್ಯಾನಿಕ್

ಒಳ್ಳೆಯ ಪ್ರಶ್ನೆ. ನಮ್ಮ ಮೀನುಗಾರಿಕೆ ಎಂಜಿನ್‌ನಲ್ಲಿ ನೀರೆಳೆಯುವ ಜಾಲರಿ ಪ್ರೊಪೆಲ್ಲರ್ ಶಾಫ್ಟಿಗಿಂತ ಮೇಲೆ, ಗೇರ್‌ಕೇಸಿನ ಎರಡೂ ಬದಿಯಲ್ಲಿ ಉಂಟು. ರೇಸ್ ಎಂಜಿನನ್ನು ಅಷ್ಟು ಎತ್ತಿ ಕೂರಿಸಿದರೆ ಆ ಜಾಲರಿ ಗಾಳಿಯಲ್ಲೇ ಇರುತ್ತದೆ. ಅದಕ್ಕೆ ಗೇರ್‌ಕೇಸಿನ ಮೂತಿಯಲ್ಲೇ, ಶಾಫ್ಟಿಗಿಂತ ಕೆಳಗೆ ತೂತು ಕೊಡುತ್ತಾರೆ. ಅಷ್ಟು ಮಾತ್ರ ನೀರಿನಲ್ಲಿರುತ್ತದೆ.

ಕೃಷ್ಣೆಯ ದಡ

ಅಬ್ಬಾ. ಧನ್ಯವಾದ ಅಣ್ಣ.

ಸಿಯಾಟಲ್ ಗೌಡ

ಇಲ್ಲಿಗೆ ಒಂದು ಮಾತು ಸೇರಿಸುತ್ತೇನೆ. ವಿ ತಳದ ದೋಣಿ ವಾಲುವಷ್ಟು ಈ ಸುರಂಗದ ದೋಣಿ ವಾಲುವುದಿಲ್ಲ, ಚಪ್ಪಟೆಯಾಗಿ ತಿರುಗುತ್ತದೆ. ಆರ್‌ಸಿ ಕ್ಯಾಟಮರಾನ್ ಕಟ್ಟುವವರು ಸುರಂಗದ ಒಳಗೋಡೆಯಲ್ಲಿ ಮಾತ್ರ ಔಟ್‌ಲೆಟ್ ಇಡಬೇಡಿ. ಕಾಣುವುದೂ ಇಲ್ಲ, ಒಳಗೆ ನೀರು ಚಿಮ್ಮಿ ಬಡಿಯುತ್ತಲೂ ಇರುತ್ತದೆ. ಹೊರಮೈಯಲ್ಲೇ ಇಡಿ.

ತುಂಗಾತೀರ

ಜಾಗ ಗುರುತು ಮಾಡಿದೆವು. ಎಡ ಪಕ್ಕ, ಎರಡು ಔಟ್‌ಲೆಟ್, ನಡುವೆ ಒಂದು ಗೇಣು, ಹ್ಯಾಚ್‌ಗಿಂತ ಹಿಂದೆ. ಟ್ಯೂನ್ಡ್ ಪೈಪ್ (ಎಕ್ಸಾಸ್ಟ್ ಕೊಳವೆ) ಬಲಗಡೆಯಿಂದ ಹೋಗಿ ಟ್ರಾನ್ಸಮ್‌ನಿಂದ ಆಚೆ ಬರುತ್ತದೆ, ಹಾಗಾಗಿ ಎಡಗಡೆ ಒಳಗೆಲ್ಲ ಖಾಲಿ ಇದೆ. ಟ್ರಾನ್ಸಮ್ ಪಾರ್ಟಿಯವನು ಇನ್ನೂ ಗೊಣಗುತ್ತಿದ್ದಾನೆ. ಪೇಂಟ್ ಒಡೆಯದಂತೆ ಕೊರೆಯುವುದು ಹೇಗೆ ಅಂತ ಯಾರಾದರೂ ಹೇಳಿದರೆ ಈ ಭಾನುವಾರ ಕೆಲಸ ಮುಗಿಸುತ್ತೇವೆ.

ಹಳೇ ಪ್ರೊಪೆಲ್ಲರ್

ಬಿಸಿ ಪೈಪಿಗೆ ಎದುರು ಮಗ್ಗುಲು, ಒಳ್ಳೆಯದಾಯಿತು. ಸಿಲಿಕಾನ್ ಪೈಪ್ ಎಕ್ಸಾಸ್ಟ್‌ಗೆ ತಾಗಿದರೆ ಸುಟ್ಟು ತೂತಾಗುತ್ತದೆ.

ಕೊರೆಯುವ ಜಾಗಕ್ಕೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ. ಗುರುತನ್ನು ಟೇಪಿನ ಮೇಲೆ ಹಾಕಿ. ಗುರುತು ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಿ, ಸ್ಟ್ರಿಂಗರ್ (ಹಲ್ ಒಳಗೆ ಉದ್ದಕ್ಕೆ ಕೊಟ್ಟ ಆಸರೆ) ಹಲಗೆಗೆ ಸರಿಯಾಗಿ ಬಂದುಬಿಟ್ಟರೆ ನಟ್ ಕೂರುವುದಿಲ್ಲ. 2 ಮಿಲಿಮೀಟರ್ ಬಿಟ್‌ನಿಂದ ಶುರು ಮಾಡಿ, ಹಂತ ಹಂತವಾಗಿ ದೊಡ್ಡದು ಮಾಡಿ. ಹೊರಗಿನಿಂದ ಒಳಕ್ಕೆ ಕೊರೆಯಿರಿ, ಒಳಗಿನಿಂದ ಕೊರೆದರೆ ಪೇಂಟ್ ಚಕ್ಕೆ ಎದ್ದುಬಿಡುತ್ತದೆ. ಕೊನೆಯ ಅರ್ಧ ಮಿಲಿಮೀಟರನ್ನು ದುಂಡನೆಯ ಅರದಿಂದ ಉಜ್ಜಿ ತೆಗೆಯಿರಿ. ಫೈಬರ್ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಒಳಗಡೆ 3 ಮಿಲಿಮೀಟರ್ ಪ್ಲೈವುಡ್ ತುಂಡೊಂದನ್ನು ಎಪಾಕ್ಸಿ ಹಾಕಿ ಅಂಟಿಸಿ. ಇಲ್ಲದಿದ್ದರೆ ನಟ್ ಬಿಗಿ ಮಾಡುವಾಗ ತೆಳ್ಳನೆಯ ಫೈಬರ್ ಬಿರಿಯುತ್ತದೆ. ತೂತಿನ ಅಂಚಿಗೆ, ಪ್ಲೈವುಡ್ ಅಂಚಿಗೆ ತೆಳುವಾದ ಎಪಾಕ್ಸಿ ಬಳಿಯುವುದು ಮರೆಯಬೇಡಿ. ಮರಕ್ಕೆ ನೀರು ಹಿಡಿದರೆ ಒಂದು ಮಳೆಗಾಲದಲ್ಲಿ ಕೊಳೆಯುತ್ತದೆ.

ಅರ್ಧಟೀ

ಎಂ-ಸೀಲ್ ಸಾಕಲ್ವಾ? ನಮ್ಮ ಮನೆ ಟ್ಯಾಂಕಿಗೆ ಅದೇ ಹಾಕಿರುವುದು.

ಹಳೇ ಪ್ರೊಪೆಲ್ಲರ್

ಟ್ಯಾಂಕ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವುದಿಲ್ಲ.

ಮಲ್ಪೆ ಮೆಕ್ಯಾನಿಕ್

ಸಮುದ್ರದಲ್ಲಿ, ಅಳಿವೆಯಲ್ಲಿ ಓಡಿಸುವ ಯೋಚನೆ ಇದ್ದರೆ ಒಂದು ಮಾತು. ಅಲ್ಯೂಮಿನಿಯಂ ಔಟ್‌ಲೆಟ್‌ಗೆ ಸ್ಟೀಲ್ ಅಥವಾ ಹಿತ್ತಾಳೆ ನಟ್ ತಾಗಿಸಬೇಡಿ. ಉಪ್ಪು ನೀರಿನಲ್ಲಿ ಎರಡು ಬೇರೆ ಲೋಹ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಬಿಳಿ ಪುಡಿ ಬರುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ. ಓಡಿಸಿ ಬಂದ ಮೇಲೆ ಪಿಕಪ್‌ನಿಂದ ಔಟ್‌ಲೆಟ್‌ವರೆಗೆ ಸಿಹಿ ನೀರು ಬಿಡಿ.

ತುಂಗಾತೀರ

ಸದ್ಯ ತುಂಗೆಯ ಹಿನ್ನೀರೇ ನಮಗೆ ಸಮುದ್ರ. ಆದರೂ ನೈಲಾನ್ ವಾಷರ್ ಹಾಕುತ್ತೇವೆ.

ಭಟ್ಟರೇ, ಪೈಪ್ ಕಿತ್ತುಕೊಳ್ಳುವ ಲೆಕ್ಕ ನೋಡಿ ಹೆದರಿಕೆಯಾಯಿತು. ನಿಪ್ಪಲ್ ಮೇಲೆ ಪೈಪನ್ನು ತಂತಿ ಸುತ್ತಿ ಬಿಗಿಯಬಹುದಾ?

ಬರ್ನೌಲಿ ಭಟ್ಟ

ತಂತಿ ಬೇಡ, ಸಿಲಿಕಾನ್ ಕತ್ತರಿಸುತ್ತದೆ. ಎಲ್ಲ ಜೋಡಣೆಗೂ ಸಣ್ಣ ಕೇಬಲ್ ಟೈ. ಹಲ್‌ನ ಮೂತಿಯಲ್ಲಿ ಥರ್ಮಾಕೋಲ್ ಅಥವಾ ಫೋಮ್ ತುಂಬಿ, ಮುಳುಗಿದರೂ ತೇಲುತ್ತದೆ.

ಪೆಟ್ರೋಲ್ ಪಾಪಣ್ಣ

ಥರ್ಮಾಕೋಲ್ ಬೇಡವೇ ಬೇಡ! ಪೆಟ್ರೋಲ್ ತಾಗಿದರೆ ಕರಗಿ ಅಂಟಾಗುತ್ತದೆ. ಈಜು ಕಲಿಯುವವರು ಹಿಡಿದುಕೊಳ್ಳುವ ಉದ್ದನೆಯ ಫೋಮ್ ಕೋಲು ಸಿಗುತ್ತದಲ್ಲ, ಅದನ್ನು ಕತ್ತರಿಸಿ ತುಂಬಿ.

ಬರ್ನೌಲಿ ಭಟ್ಟ

ಸರಿ, ಫೋಮ್ ಕೋಲು. ಪೆಟ್ರೋಲ್ ಟ್ಯಾಂಕ್ ಹತ್ತಿರ ಅದೂ ಬೇಡ, ಮೂತಿಯಲ್ಲಿ ಮಾತ್ರ.

ಎರಡನೇ ಗೇರ್

ಓಡಿಸಿದ ಮೇಲೆ ವಿಡಿಯೋ ಹಾಕಿ. ರೇಸ್ ಮಧ್ಯೆ ಎಷ್ಟು ಸಲ ಧಾರೆ ನೋಡಿದಿರಿ ಅಂತ ನಿಜ ಹೇಳಬೇಕು.